ಆಯುರಾರೋಗ್ಯಸೌಖ್ಯದ ಸಂಖ್ಯೆ ‘ಹೇಯ’ವೇ?

ಪ್ರಶ್ನೆ: ನಮ್ಮದು ಬದಿಯಡ್ಕ ಕಡೆ. ಬರುವ ತಿಂಗಳು ಅಮ್ಮನಿಗೆ ಸಹಸ್ರಚಂದ್ರದರ್ಶನ ಶಾಂತಿ ಇಟ್ಟುಕೊಂಡಿದ್ದೇವೆ. ಅಂದು ಅವರ ಕೈಗೆ ಕೊಡಲು ಒಂದು ಬೆಳ್ಳಿ ಹರಿವಾಣ ಮಾಡಿಸಿ ಅಂಚಿನಲ್ಲಿ 1712210 ಎಂದು ಕೆತ್ತಿಸಬೇಕೆಂದಿದ್ದೆವು. ‘ಆಯುರಾರೋಗ್ಯಸೌಖ್ಯಂ’ ಎಂಬುದಕ್ಕೆ ಬರುವ ಸಂಖ್ಯೆ ಅದು ಎಂದು ತೀರಿಹೋದ ಅಪ್ಪ ಹೇಳುತ್ತಿದ್ದರು. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ತಮ್ಮನ ಮಗ ಅದನ್ನು ಮೊಬೈಲಿನ ಒಂದು ಆ್ಯಪ್‌ಗೆ ಹಾಕಿದ. ಬಂದ ಉತ್ತರವನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದ: ನ್ಯೂನ ಸಂಖ್ಯೆ, ಅಸಂತುಷ್ಟ ಸಂಖ್ಯೆ, ಹೇಯ ಸಂಖ್ಯೆ, ಹಾನಿಕರ ಸಂಖ್ಯೆ, ದುಂದುಗಾರ ಸಂಖ್ಯೆ, ಹರ್ಷದ ಸಂಖ್ಯೆ ಅಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದರು. ಅಂದಿನಿಂದ ‘ಅದು ಬೇಡ’ ಎನ್ನುತ್ತಿದ್ದಾರೆ. ಸಂಖ್ಯಾಶಾಸ್ತ್ರ ನೋಡುವ ನನ್ನ ಭಾವ, ಕೊನೆಯ ಸೊನ್ನೆಯನ್ನು 4 ಮಾಡಿದರೆ ಅಂಕಿಗಳು ಕೂಡಿ 9 ಬರುತ್ತದೆ, ದೋಷ ಕಳೆಯುತ್ತದೆ ಎನ್ನುತ್ತಾರೆ. ಆಚಾರಿ ಮುಂದಿನ ವಾರ ಕೆತ್ತಲು ಕೂರುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಗಡಿಬಿಡಿಗೆ ಉತ್ತರ ಕೊಟ್ಟುಬಿಡುತ್ತೇನೆ. 1712210 ಅನ್ನೇ ಕೆತ್ತಿಸಿ. ಸೊನ್ನೆಯನ್ನು 4 ಮಾಡಬೇಡಿ. ಹುಡುಗ ಓದಿದ್ದರಲ್ಲಿ ಸುಳ್ಳಿಲ್ಲ, ಆ ಆರೂ ಮಾತು ಲೆಕ್ಕದ ಪ್ರಕಾರ ಸರಿಯೇ. ನಾನು ಕಾಗದದ ಮೇಲೆ ಒಂದೊಂದಾಗಿ ಮಾಡಿ ನೋಡಿದ್ದೇನೆ. ತಪ್ಪಿದ್ದು ಆ ಮಾತುಗಳನ್ನು ಕೇಳಿಸಿಕೊಂಡ ರೀತಿಯಲ್ಲಿ. ಮೂವತ್ತು ವರ್ಷ ಈ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ‘ನ್ಯೂನ ಸಂಖ್ಯೆ’ ಎಂದು ಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಅದು ಏನು ತಪ್ಪು ಮಾಡಿತ್ತು ಸರ್?’ ಎಂದು ಕೇಳಿದ್ದಳು. ನಿಮ್ಮ ಅಮ್ಮನ ಮನಸ್ಸಿಗೆ ಬಂದದ್ದೂ ಅದೇ ಪ್ರಶ್ನೆ ಇರಬೇಕು.

ಅಪ್ಪ ಹೇಳಿದ್ದು ಸರಿಯಾಗಿದೆ, ಅಲ್ಲಿಂದಲೇ ಶುರುಮಾಡೋಣ. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಕ್ರಮದಲ್ಲಿ ಕ-ದಿಂದ ಝ-ವರೆಗೆ 1ರಿಂದ 9, ಟ-ದಿಂದ ಧ-ವರೆಗೆ ಮತ್ತೆ 1ರಿಂದ 9, ಪ-ದಿಂದ ಮ-ವರೆಗೆ 1ರಿಂದ 5, ಯ-ದಿಂದ ಳ-ವರೆಗೆ 1ರಿಂದ 9. ಞ, ನ ಮತ್ತು ಒಂಟಿಯಾಗಿ ನಿಂತ ಸ್ವರಕ್ಕೆ ಸೊನ್ನೆ. ಒತ್ತಕ್ಷರವಿದ್ದರೆ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ಗುಣಿತಕ್ಕೆ ಬೆಲೆ ಇಲ್ಲ. ಸಂಗೀತ ಕಲಿತವರಿಗೆ ಇದು ಹೊಸದಲ್ಲ: ಧೀರಶಂಕರಾಭರಣದ ಧೀ 9, ರ 2, ತಿರುಗಿಸಿದರೆ 29ನೇ ಮೇಳಕರ್ತ. ಹಾಗೆಯೇ ಆ 0, ಯು 1, ರಾ 2, ರೋ 2, ಗ್ಯ 1, ಸೌ 7, ಖ್ಯಂ 1. ಬಲದಿಂದ ಎಡಕ್ಕೆ ಓದಿದರೆ 1712210. ಮೇಲ್ಪತ್ತೂರು ನಾರಾಯಣ ಭಟ್ಟತಿರಿಗಳು ಗುರುವಾಯೂರಿನಲ್ಲಿ ‘ನಾರಾಯಣೀಯಂ’ ಕಾವ್ಯ ಮುಗಿಸಿದ ದಿನವನ್ನು ಅದರ ಕೊನೆಯ ಮಾತಾದ ಇದರಲ್ಲೇ ಇಟ್ಟರು. ಅಂದರೆ ಇದು ದಿನಗಳ ಎಣಿಕೆ. ಕಲಿಯುಗದ ಆರಂಭವೆಂದು ಹಿಡಿದ ಕ್ರಿ.ಪೂ. 3102ರ ಫೆಬ್ರವರಿ 18ರಿಂದ ಅಂದಿಗೆ ಸಂದ ದಿನಗಳು ಹದಿನೇಳು ಲಕ್ಷದ ಹನ್ನೆರಡು ಸಾವಿರದ ಇನ್ನೂರ ಹತ್ತು. ವರ್ಷಕ್ಕೆ 365.25 ದಿನ ಹಿಡಿದು ಭಾಗಿಸಿ: 4687 ವರ್ಷ, ಮೇಲೆ ಸುಮಾರು 283 ದಿನ. ಹಳೆಯ ಜೂಲಿಯನ್ ಲೆಕ್ಕದಲ್ಲಿ 1586ರ ನವೆಂಬರ್ ಕೊನೆಗೆ ಬರುತ್ತದೆ. ಒಂದೇ ಮಾತು ಹರಕೆಯೂ ಆಯಿತು, ತಾರೀಖೂ ಆಯಿತು.

ಈಗ ಆ್ಯಪ್ ಹೇಳಿದ್ದಕ್ಕೆ ಬರುತ್ತೇನೆ. ಅಮ್ಮನಿಗೆ ಹೆಚ್ಚು ನೋವು ಕೊಟ್ಟ ಪದ ‘ಹೇಯ’ ಎಂದು ನನ್ನ ಊಹೆ. ಅದರ ಮೂಲ ಹೀಗಿದೆ. ಕಂಪ್ಯೂಟರ್ ಸಂಖ್ಯೆಗಳನ್ನು 1 ಮತ್ತು 0 ಎರಡರಲ್ಲೇ ಬರೆಯುತ್ತದೆ. ನಮ್ಮ ಸಂಖ್ಯೆ ಹಾಗೆ ಬರೆದಾಗ 1048576, 524288, 131072, 8192, 64, 16, 2 ಎಂಬ ಏಳು ತುಂಡುಗಳ ಮೊತ್ತ. ಒಂದೊಂದು ತುಂಡಿಗೂ ಒಂದು ‘1’. ಹೀಗೆ 1ರ ಅಂಕಿ ಬೆಸ ಸಲ ಬಂದರೆ ಇಂಗ್ಲಿಷಿನಲ್ಲಿ ‘ಒಡಿಯಸ್’ ಎನ್ನುತ್ತಾರೆ, ಸಮ ಸಲ ಬಂದರೆ ‘ಈವಿಲ್’. ಬೆಸಕ್ಕೆ ಅವರ ಮಾತು ‘ಆಡ್’, ಸಮಕ್ಕೆ ‘ಈವನ್’. ಆ ಎರಡು ಶಬ್ದಗಳ ತಲೆಯನ್ನು ಇಟ್ಟುಕೊಂಡು ಮಾಡಿದ ಅಕ್ಷರದಾಟ ಇದು. ಬರ್ಲೆಕ್ಯಾಂಪ್, ಕಾನ್ವೇ, ಗೈ ಎಂಬ ಮೂವರು ಗಣಿತಜ್ಞರು ಆಟಗಳ ಗಣಿತವನ್ನು ಬರೆಯುವಾಗ ಬಳಕೆಗೆ ತಂದ ಹೆಸರುಗಳು. ಇಂಗ್ಲಿಷ್ ಕಿವಿಗೆ ಅದು ಶ್ಲೇಷೆ ಎಂದು ತಕ್ಷಣ ತಿಳಿಯುತ್ತದೆ. ಕನ್ನಡಕ್ಕೆ ತಂದಾಗ ಶ್ಲೇಷೆ ಬಿದ್ದುಹೋಗಿ ಬೈಗುಳ ಮಾತ್ರ ಉಳಿಯಿತು. ಇದನ್ನು ‘ಬೆಸ-ಒಂದರ ಸಂಖ್ಯೆ’ ಎಂದು ಓದಿದ್ದರೆ ಅಮ್ಮ ಕಾಫಿ ಲೋಟದಿಂದ ತಲೆ ಎತ್ತುತ್ತಿರಲಿಲ್ಲ. ಮತ್ತೂ ನೋಡಿ, ಎಲ್ಲ ಸಂಖ್ಯೆಗಳೂ ಈ ಎರಡರಲ್ಲಿ ಒಂದಾಗಲೇಬೇಕು. ಅರ್ಧ ಒಡಿಯಸ್, ಅರ್ಧ ಈವಿಲ್. ಮೂರನೆಯ ಒಳ್ಳೆಯ ಗುಂಪೊಂದು ಇಲ್ಲವೇ ಇಲ್ಲ. ಈ ಎಣಿಕೆಯಿಂದ ಉಪಯೋಗ ಮಾತ್ರ ದೊಡ್ಡದು: ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾಹಿತಿ ಹೋಗುವಾಗ ದಾರಿಯಲ್ಲಿ ಒಂದು ಅಂಕಿ ಕೆಟ್ಟರೆ ಗೊತ್ತಾಗುವುದು 1ಗಳ ಸಮ-ಬೆಸ ತಾಳೆ ನೋಡಿದಾಗ.

‘ಹಾನಿಕರ’ ಎಂಬುದೂ ಅದೇ ಏಳು 1ಗಳಿಂದ ಬಂದದ್ದು. ಆ ಎಣಿಕೆ ಅವಿಭಾಜ್ಯ ಸಂಖ್ಯೆಯಾದರೆ ಹಾಗೆ ಕರೆಯುತ್ತಾರೆ, 7 ಅವಿಭಾಜ್ಯ, ಅಷ್ಟೇ.

‘ನ್ಯೂನ’ದ ಕಥೆ ಹಳೆಯದು, ಸ್ವಲ್ಪ ನಿಧಾನಿಸಬೇಕು. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಸಂಖ್ಯೆಗಳನ್ನೆಲ್ಲ ಕೂಡಿಸಬೇಕು. 6ಕ್ಕೆ 1, 2, 3. ಕೂಡಿದರೆ ಮತ್ತೆ 6. ಅದು ಪರಿಪೂರ್ಣ. 12ಕ್ಕೆ 1, 2, 3, 4, 6. ಮೊತ್ತ 16, ಮೂಲಕ್ಕಿಂತ ಜಾಸ್ತಿ, ಆದ್ದರಿಂದ ಅಧಿಕ. ಕಡಿಮೆ ಬಂದರೆ ನ್ಯೂನ. ನಮ್ಮ ಸಂಖ್ಯೆಗೆ ಅಂಥ ಭಾಜಕಗಳು ಹದಿನೈದು: 1, 2, 5, 10, 47ರಿಂದ ಮೊದಲಾಗಿ 8,56,105ರ ತನಕ. ಎಲ್ಲ ಕೂಡಿದರೆ 14,36,206. ಮೂಲ ಸಂಖ್ಯೆಗೆ 2,76,004 ಕಡಿಮೆ. ರೂಪಾಯಿಗೆ ಸುಮಾರು 84 ಪೈಸೆ ತುಂಬಿತು ಎನ್ನಿ. ಎರಡು ಸಾವಿರ ವರ್ಷದ ಹತ್ತಿರ ಹಿಂದೆ ನಿಕೋಮಾಕಸ್ ಎಂಬ ಗ್ರೀಕ್ ಪಂಡಿತ ಈ ಮೂರು ವರ್ಗಗಳಿಗೆ ನೀತಿಯ ಬಣ್ಣ ಬಳಿದ. ಅಧಿಕ ಸಂಖ್ಯೆಯೆಂದರೆ ಅಂಗಾಂಗ ಹೆಚ್ಚಾದ ಪ್ರಾಣಿ, ನ್ಯೂನವೆಂದರೆ ಅಂಗ ಊನವಾದ ಪ್ರಾಣಿ ಎಂದು ಹೋಲಿಸಿದ. ಆ ಹೋಲಿಕೆಯೇ ಇವತ್ತಿನ ಆ್ಯಪ್ ತನಕ ಹರಿದು ಬಂದಿದೆ. ಆದರೆ ಸಂಖ್ಯೆಗಳ ಲೋಕದಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ನ್ಯೂನವೇ. ಅವಿಭಾಜ್ಯ ಸಂಖ್ಯೆಗಳೆಲ್ಲ ನ್ಯೂನ, ಏಕೆಂದರೆ 1 ಒಂದೇ ಅವುಗಳ ಚಿಕ್ಕ ಭಾಜಕ. 2, 4, 8, 16 ಎಂದು ಏರುವ ಸಾಲೂ ಪ್ರತಿ ಸಲ ಸರಿಯಾಗಿ ಒಂದು ಕಡಿಮೆಯಾಗಿ ನ್ಯೂನ. ಬೆಸ ಸಂಖ್ಯೆಗಳಲ್ಲಿ ಮೊದಲ ಅಧಿಕ ಸಂಖ್ಯೆ ಸಿಗಬೇಕಾದರೆ 945ರ ತನಕ ಹೋಗಬೇಕು.

ಉಳಿದವು ಬೇಗ ಮುಗಿಯುತ್ತವೆ. ‘ಅಸಂತುಷ್ಟ’: ಪ್ರತಿ ಅಂಕಿಯ ವರ್ಗ ಮಾಡಿ ಕೂಡಿಸುತ್ತ ಹೋದಾಗ ಕೊನೆಗೆ 1 ಬಂದರೆ ಸಂತುಷ್ಟ. ನಮ್ಮದು 60, 36, 45, 41, 17, 50, 25, 29, 85, 89 ಎಂದು ಹೋಗಿ ಅಲ್ಲಿಂದ ಸುತ್ತುತ್ತಲೇ ಇರುತ್ತದೆ. ನೂರರೊಳಗೆ ಸಂತುಷ್ಟ ಸಂಖ್ಯೆಗಳು 20 ಮಾತ್ರ. ‘ದುಂದುಗಾರ’: ಅವಿಭಾಜ್ಯ ಅಪವರ್ತನಗಳನ್ನು ಬರೆಯಲು ಮೂಲಕ್ಕಿಂತ ಹೆಚ್ಚು ಅಂಕಿ ಬೇಕಾಗುತ್ತದೆ ಎಂದರ್ಥ, ಇಲ್ಲಿ ಅವು 2, 5, 47, 3643, ಏಳರ ಬದಲು ಎಂಟು ಅಂಕಿ ಬೇಕು. ‘ಹರ್ಷದ’ ಎಂಬ ಹೆಸರು ಕೊಟ್ಟವರು ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರ್, ಬಿಡುವಿನಲ್ಲೆಲ್ಲ ಸಂಖ್ಯೆಗಳ ಜೊತೆ ಬಾಳಿದವರು. ಅಂಕಿಗಳ ಮೊತ್ತದಿಂದಲೇ ಸಂಖ್ಯೆ ನಿಶ್ಶೇಷವಾಗಿ ಭಾಗವಾದರೆ ಅವರಿಗೆ ಹರ್ಷ, ಅದಕ್ಕೇ ಆ ಹೆಸರು. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 14. 7ರಿಂದ ಭಾಗಿಸಿದರೆ 3 ಉಳಿಯುವುದರಿಂದ 14ರಿಂದಲೂ ಹೋಗುವುದಿಲ್ಲ. ಆ ಹರ್ಷ ಮಾಸ್ತರರ ಹರ್ಷ. ಹರಿವಾಣದಲ್ಲಿ ಅನ್ನ ಉಣ್ಣುವವರಿಗೆ ಅದರಿಂದ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಇದೇ ಪರೀಕ್ಷೆಗಳನ್ನು 1729ರ ಮೇಲೆ ಮಾಡಿ ನೋಡಿ ಎಂದು ನಿಮ್ಮ ತಮ್ಮನ ಮಗನಿಗೆ ಹೇಳಿ. ಈರೋಡಿನಲ್ಲಿ 1887ರಲ್ಲಿ ಹುಟ್ಟಿದ ರಾಮಾನುಜನ್ ಇಂಗ್ಲೆಂಡಿನಲ್ಲಿ ಕಾಯಿಲೆ ಮಲಗಿದ್ದಾಗ ಅಲ್ಲಿನ ಗಣಿತಜ್ಞ ಹಾರ್ಡಿ ನೋಡಲು ಹೋದರು. ತಾವು ಬಂದ ಟ್ಯಾಕ್ಸಿಯ ಸಂಖ್ಯೆ 1729, ಸಪ್ಪೆ ಸಂಖ್ಯೆ, ಅಪಶಕುನ ಆಗದಿದ್ದರೆ ಸಾಕು ಎಂಬರ್ಥದ ಮಾತು ಆಡಿದರು. ಹಾಸಿಗೆಯಲ್ಲಿದ್ದ ರೋಗಿ, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದರು: 1ರ ಘನ ಮತ್ತು 12ರ ಘನ, 9ರ ಘನ ಮತ್ತು 10ರ ಘನ. ಲೋಕ ಇಂದಿಗೂ ಪ್ರೀತಿಯಿಂದ ನೆನೆಯುವ ಆ 1729 ನ್ಯೂನ, ಅಸಂತುಷ್ಟ, ಒಡಿಯಸ್, ಹಾನಿಕರ, ದುಂದುಗಾರ. ಐದಕ್ಕೆ ಐದೂ. ಹರ್ಷದ ಮಾತ್ರ ಹೌದು, 19ರಿಂದ ಭಾಗವಾಗುತ್ತದೆ. ಇನ್ನು 28 ಪರಿಪೂರ್ಣ ಸಂಖ್ಯೆ, ಸಂತುಷ್ಟ ಸಂಖ್ಯೆ. ಆದರೆ ಎರಡರಲ್ಲಿ ಬರೆದರೆ ಮೂರು 1 ಇರುವುದರಿಂದ ಒಡಿಯಸ್ ಮತ್ತು ಹಾನಿಕರ. ಪರಿಪೂರ್ಣವೂ ಹಾನಿಕರವೂ ಒಟ್ಟಿಗೆ ಹೇಗೆ ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಬ್ಬನನ್ನು ಎತ್ತರ ಅಳೆದು ಕುಳ್ಳ ಎಂದ ಹಾಗೆ, ತೂಕ ಹಿಡಿದು ಭಾರ ಎಂದ ಹಾಗೆ. ಎರಡು ಅಳತೆಗಳಲ್ಲಿ ಒಂದರ ವಿಷಯ ಇನ್ನೊಂದಕ್ಕೆ ತಿಳಿದಿಲ್ಲ.

ನಾನು ತರಗತಿಯಲ್ಲಿ ಒತ್ತಿ ಹೇಳುತ್ತಿದ್ದ ಒಂದು ವ್ಯತ್ಯಾಸವಿದೆ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಲವು ಗುಣ ಸಂಖ್ಯೆಯದೇ, ಕೆಲವು ನಾವು ಅದನ್ನು ಬರೆಯುವ ರೀತಿಯದು. ಗೋಣಿಯಲ್ಲಿ ಅಡಿಕೆ ಎಷ್ಟಿದೆ ಎಂಬುದು ಅಡಿಕೆಯ ವಿಷಯ. ಅದನ್ನು ಹತ್ತರ ಲೆಕ್ಕದಲ್ಲಿ ಬರೆದಿರೋ ಎರಡರ ಲೆಕ್ಕದಲ್ಲಿ ಬರೆದಿರೋ ಎಂಬುದು ನಮ್ಮ ಪುಸ್ತಕದ ವಿಷಯ. ಸಂತುಷ್ಟ, ಹರ್ಷದ, ಅಂಕಿಗಳ ಮೊತ್ತ, ಒಡಿಯಸ್, ದುಂದುಗಾರ, ಇವೆಲ್ಲ ಬರವಣಿಗೆಯಿಂದ ಬಂದವು. ಅಪವರ್ತನಗಳು ಮತ್ತು ಅವುಗಳಿಂದ ಬರುವ ನ್ಯೂನ-ಅಧಿಕ ಸಂಖ್ಯೆಯವೇ. ಪರೀಕ್ಷಿಸಲು ನಮ್ಮ ಸಂಖ್ಯೆಯನ್ನೇ ತಿರುಗಿಸಿ: 0122171. ಅಂಕಿಗಳ ಮೊತ್ತ ಅದೇ 14, ವರ್ಗಗಳ ಮೊತ್ತ ಅದೇ 60, ಆದ್ದರಿಂದ ಇದೂ ಅಸಂತುಷ್ಟ. ಆದರೆ ಒಳಗೆ ನೋಡಿದರೆ 122171 ಎಂದರೆ 7 × 31 × 563. ಮೂಲದ್ದು 2 × 5 × 47 × 3643. ಒಂದು ಅಪವರ್ತನವೂ ಹೊಂದುವುದಿಲ್ಲ.

ಈ ಅಪವರ್ತನವನ್ನು ಆ್ಯಪ್ ಇಲ್ಲದೆ ತೆಗೆಯಬಹುದು, ಹುಡುಗನಿಂದ ಮಾಡಿಸಿ. ಕೊನೆಯ ಸೊನ್ನೆಯಿಂದ 2 ಮತ್ತು 5 ಹೊರಬಂದವು, ಉಳಿದದ್ದು 171221. ಅದನ್ನು 3, 7, 11, 13 ಎಂದು ಅವಿಭಾಜ್ಯಗಳಿಂದ ಭಾಗಿಸುತ್ತ ಹೋಗಬೇಕು. 43ರ ತನಕ ಪ್ರತಿ ಸಲ ಶೇಷ ಉಳಿಯುತ್ತದೆ. ಕೈಬಿಡೋಣ ಎನಿಸುವ ಹೊತ್ತಿಗೆ 47ರಲ್ಲಿ ಸರಿಯಾಗಿ 3643 ಬರುತ್ತದೆ. ಇನ್ನು 3643 ಒಡೆಯುತ್ತದೆಯೇ? 61ರ ವರ್ಗ 3721, ಅಂದರೆ 61ಕ್ಕಿಂತ ಕೆಳಗೆ ನೋಡಿದರೆ ಸಾಕು. ಚಿಕ್ಕವನ್ನೆಲ್ಲ ಆಗಲೇ ನೋಡಿಯಾಗಿದೆ, ಉಳಿದದ್ದು 47, 53, 59 ಮೂರೇ. ಮೂರರಿಂದಲೂ ಹೋಗುವುದಿಲ್ಲ, 3643 ಅವಿಭಾಜ್ಯ. ನನ್ನ ಮಕ್ಕಳಿಗೆ ಇಂಥ ಲೆಕ್ಕ ಕೊಟ್ಟಾಗ ಆ 47ರ ಕ್ಷಣದಲ್ಲಿ ತರಗತಿಯಲ್ಲಿ ಏಳುತ್ತಿದ್ದ ಕೂಗು ಈಗಲೂ ಕಿವಿಯಲ್ಲಿದೆ. ಈ ನಾಲ್ಕು ಅವಿಭಾಜ್ಯಗಳು ಕೈಗೆ ಬಂದರೆ ಭಾಜಕಗಳು ಒಟ್ಟು 16, ಅವುಗಳ ಮೊತ್ತ 31,48,416, ಸರಾಸರಿ ಸರಿಯಾಗಿ 1,96,776, ಎಲ್ಲವೂ ಅಲ್ಲಿಂದಲೇ ಇಳಿದು ಬರುತ್ತವೆ. ಸರಾಸರಿ ಪೂರ್ಣಾಂಕವಾಗಿ ಬಂದದ್ದಕ್ಕೂ ಗಣಿತದಲ್ಲಿ ಒಂದು ಒಳ್ಳೆಯ ವರ್ಗವಿದೆ. ಹುಡುಗ ಅದನ್ನು ಓದಿ ಹೇಳಲಿಲ್ಲವೆಂದು ಕಾಣುತ್ತದೆ.

ಭಾವನವರ ಸಲಹೆಗೆ ಬರುತ್ತೇನೆ. ಅವರು ಕಾಳಜಿಯಿಂದಲೇ ಹೇಳಿದ್ದಾರೆ. 10, 100, 1000 ಯಾವುದನ್ನು 9ರಿಂದ ಭಾಗಿಸಿದರೂ 1 ಉಳಿಯುತ್ತದೆ. ಅದಕ್ಕೇ ಅಂಕಿಗಳನ್ನು ಕೂಡಿಸಿ ಒಂದಂಕಿಗೆ ಇಳಿಸಿದರೆ ಸಿಗುವುದು 9ರಿಂದ ಭಾಗಿಸಿದಾಗಿನ ಶೇಷ. 1712210ಕ್ಕೆ 5 ಉಳಿಯುತ್ತದೆ. 9 ಬಂದರೆ ಶೇಷ ಉಳಿಯಲಿಲ್ಲ ಎಂದು. ಇದರಾಚೆಗೆ ಅಂಕಗಣಿತ ಏನನ್ನೂ ಹೇಳುವುದಿಲ್ಲ. ಕಾಸರಗೋಡು ಮುಖ್ಯ ಅಂಚೆ ಕಚೇರಿಯ ಪಿನ್ 671121, ಕೂಡಿದರೆ 18, ಮತ್ತೆ ಕೂಡಿದರೆ 9. ಆ ಪಿನ್ ಬರೆದ ಕಾಗದ ಮದುವೆ ಮನೆಗೂ ಬರುತ್ತದೆ, ಸಾವಿನ ಮನೆಗೂ ಬರುತ್ತದೆ.

ಇನ್ನು 1712214 ಮಾಡಿದರೆ ಆಗುವುದೇನು? 18ರಿಂದ ಭಾಗವಾಗಿ 95123 ಬರುತ್ತದೆ, ಹಾಗಾಗಿ ಹರ್ಷದ ಹೌದು. 6ರಿಂದ ಭಾಗವಾಗುವ, 6ಕ್ಕಿಂತ ದೊಡ್ಡ ಸಂಖ್ಯೆಗಳೆಲ್ಲ ಅಧಿಕ, ಆದ್ದರಿಂದ ನ್ಯೂನವೂ ಹೋಯಿತು. ಆದರೆ ಎರಡರ ಲೆಕ್ಕದಲ್ಲಿ 1ಗಳು ಏಳರಿಂದ ಎಂಟಾಗುತ್ತವೆ. ಈಗ ಅದು ‘ಈವಿಲ್’. ನಾಳೆ ಹುಡುಗ ಇದನ್ನೂ ಆ್ಯಪ್‌ಗೆ ಹಾಕಿ ‘ದುಷ್ಟ ಸಂಖ್ಯೆ’ ಎಂದು ಓದಿದರೆ ಅಮ್ಮನಿಗೆ ಏನು ಹೇಳುತ್ತೀರಿ? ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಕೊನೆಯ ಸೊನ್ನೆ ಮಾತಿನ ಮೊದಲ ಅಕ್ಷರ ‘ಆ’. ಅಲ್ಲಿ 4 ಬಂದರೆ ಕಟಪಯಾದಿಯಲ್ಲಿ ಘ, ಢ, ಭ ಅಥವಾ ವ ಕೂರಬೇಕು. ‘ಆಯು’ ಹೋಗಿ ‘ವಾಯು’ ಆಗುತ್ತದೆ. ಭಟ್ಟತಿರಿಗಳು ವಾತರೋಗ ವಾಸಿಯಾಗಲೆಂದು ಆ ಕಾವ್ಯ ಹಾಡಿದರೆಂಬ ಪ್ರತೀತಿ ಇರುವಾಗ, ಅವರ ಹರಕೆಯ ತಲೆಯ ಮೇಲೆ ವಾಯುವನ್ನು ಕೂರಿಸಲು ನನಗಂತೂ ಮನಸ್ಸು ಬಾರದು.

ಕೆತ್ತನೆಯಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ಆಚಾರಿಗೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಅಕ್ಷರದಿಂದ ಅಂಕಿಗೆ ಇಳಿಸುವಾಗ ಎಡದಿಂದ ಬಲಕ್ಕೆ ಬರೆದುಬಿಟ್ಟರೆ 0122171 ಆಗುತ್ತದೆ. ಮೇಲೆ ಕಂಡಂತೆ ಅದು ಬೇರೆಯೇ ಸಂಖ್ಯೆ, ಬೇರೆಯೇ ದಿನ. ಕನ್ನಡ ಅಂಕಿಯಲ್ಲಿ ಕೆತ್ತಿಸಿದರೆ ಚೆಂದ, ೧೭೧೨೨೧೦. ಆದರೆ ಬೆಳ್ಳಿಯ ಕಿರಿದಾದ ಅಂಚಿನಲ್ಲಿ ೧ರ ಸುಳಿ ಕೂಡಿಕೊಂಡರೆ ೦ ಆದೀತು. ಅಂಚು ಕಿರಿದಾಗಿದ್ದರೆ 1712210 ಎಂದೇ ಹಾಕಿಸಿ. ಸಂಖ್ಯೆಯನ್ನೇ ಬಿಟ್ಟು ‘ಆಯುರಾರೋಗ್ಯಸೌಖ್ಯಂ’ ಎಂದು ಅಕ್ಷರದಲ್ಲಿ ಕೆತ್ತಿಸುವ ದಾರಿಯೂ ಇದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಪ್ಪ ಹೇಳುತ್ತಿದ್ದ ಸಂಖ್ಯೆಯನ್ನು ಅಮ್ಮ ಅನುಮಾನದ ಜೊತೆಯಲ್ಲೇ ಉಳಿಸಿಕೊಳ್ಳುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ. ಎರಡೂ ಇರಲಿ, ಮೇಲೆ ಮಾತು, ಕೆಳಗೆ ಅಂಕಿ. ನೋಡಿದವರು ಬೆರಳಿಟ್ಟು ಎಣಿಸಿಕೊಳ್ಳಬಹುದು.

ಅಮ್ಮನ ಮನಸ್ಸು ತಿರುಗಿಸಲು ಒಂದು ದಾರಿ ಹೇಳುತ್ತೇನೆ. ಸಾವಿರ ಹುಣ್ಣಿಮೆ ಎಂದರೆ ಸುಮಾರು 29,530 ದಿನ. ಭಟ್ಟತಿರಿಗಳ ಸಂಖ್ಯೆಯೂ ದಿನಗಳದೇ ಎಣಿಕೆ. ಅಮ್ಮ ಹುಟ್ಟಿದ ದಿನಕ್ಕೂ ಅಂಥದೊಂದು ಕಲಿದಿನ ಸಂಖ್ಯೆ ಇದೆ, ಅದನ್ನು ಹುಡುಗನಿಂದಲೇ ತೆಗೆಸಿ. ಲೆಕ್ಕ ಹಿಡಿಯಲು ಒಂದು ಗೂಟ ಕೊಡುತ್ತೇನೆ: 1947ರ ಆಗಸ್ಟ್ 15ಕ್ಕೆ ಸಂದ ಕಲಿದಿನಗಳು 18,43,947. ಅಮ್ಮ ಅದಕ್ಕೂ ಮೊದಲು ಹುಟ್ಟಿದವರಾದ್ದರಿಂದ ನಡುವಿನ ದಿನಗಳನ್ನು, ಫೆಬ್ರವರಿ 29 ಮರೆಯದೆ, ಎಣಿಸಿ ಕಳೆಯಬೇಕು. ಬಂದ ಉತ್ತರ ಸರಿಯೇ ಎಂದು ನೋಡಲು 7ರಿಂದ ಭಾಗಿಸಿ. ಕಲಿಯುಗ ಶುಕ್ರವಾರ ಶುರುವಾಯಿತೆಂದು ಲೆಕ್ಕ. ಶೇಷ 0 ಬಂದರೆ ಶುಕ್ರವಾರ, 1 ಬಂದರೆ ಶನಿವಾರ, ಹೀಗೆ. 18,43,947 ಅನ್ನು 7ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ, ಸ್ವಾತಂತ್ರ್ಯ ಬಂದದ್ದು ಶುಕ್ರವಾರವೇ. 1712210ಕ್ಕೆ 3 ಉಳಿಯುತ್ತದೆ, ಸೋಮವಾರ. ಆರಂಭದ ದಿನವನ್ನೇ ಒಂದೆಂದು ಎಣಿಸುವವರಿಗೆ ಭಾನುವಾರ. ಹುಡುಗ ತೆಗೆದ ಸಂಖ್ಯೆಯಿಂದ ಬರುವ ವಾರವನ್ನು ಅವನು ಮೊದಲೇ ಹೇಳದಿರಲಿ. ಅಜ್ಜಿಯ ಹತ್ತಿರ ಕೂತು, ‘ಅಜ್ಜಿ, ನೀವು ಹುಟ್ಟಿದ್ದು ಯಾವ ವಾರವಂತೆ?’ ಎಂದು ಕೇಳಿ, ಅವರು ಹೇಳಿದ ಮೇಲೆ ಕಾಗದ ತೋರಿಸಲಿ.